ಕಿಟಕಿಯಲ್ಲಿ ಕೂತವಳು

ಇಸ್ತ್ರಿ ಅಕ್ಕನ ಮನೆಗೆ ಕಿಟಕಿ ಇರಲಿಲ್ಲ. ಇದ್ದದ್ದು ಒಂದೇ ಬಾಗಿಲು. ಆ ಬಾಗಿಲಲ್ಲಿ ಅತ್ತೆ ಕೂತಿರುತ್ತಿದ್ದಳು.

ಮನೆ ಅಂದರೆ ದೊಡ್ಡ ಮಾತಾಯಿತು. ವೆಲ್ಡಿಂಗ್ ಶೆಡ್ಡಿನ ಬೆನ್ನಿಗೆ ಅಂಟಿಸಿದ ಒಂದು ಕೋಣೆ. ಮೇಲೆ ತಗಡು. ಹಗಲು ಹೊತ್ತು ಶೆಡ್ಡಿನ ಕಡೆಯ ಗೋಡೆಗೆ ಅಂಗೈ ಇಟ್ಟರೆ ಚುರ್ ಅನ್ನುತ್ತಿತ್ತು. "ಪೆಟ್ಟಿಗೆಗೆ ಕೆಂಡ ಯಾಕೆ ದಂಡ ಮಾಡ್ತೀಯ, ಬಟ್ಟೇನ ಗೋಡೆಗೆ ಒತ್ತು, ಇಸ್ತ್ರಿ ಆಗುತ್ತೆ" ಎಂದು ಗಂಡ ರೇಗಿಸುತ್ತಿದ್ದ. ಅವನು ಗೋದಾಮಿನಲ್ಲಿ ಮೂಟೆ ಹೊರುವವನು. ಸೊಂಟ ಹಿಡಿದುಕೊಂಡಾಗಲೂ ಬಾಯಿ ಮಾತ್ರ ಹಿಡಿಯುತ್ತಿರಲಿಲ್ಲ.

ಅತ್ತೆ ವಯಸ್ಸಿನಲ್ಲಿ ಗೋಣಿಚೀಲ ಕೊಡವುವ ಕೆಲಸ ಮಾಡಿದವಳು. ಆ ಧೂಳೆಲ್ಲ ಈಗ ಅವಳ ಎದೆಯಲ್ಲಿ ಮನೆ ಮಾಡಿಕೊಂಡಿತ್ತು. ಕೋಣೆಯೊಳಗೆ ಮಲಗಿದರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಅದಕ್ಕೇ ಹೊಸ್ತಿಲಲ್ಲಿ ಗೋಡೆಗೊರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ಒಳಗೆ ಹೋಗುವವರು ಅವಳ ಕಾಲು ದಾಟಿ ಹೋಗಬೇಕು. ಹೊರಗೆ ಬರುವವರು ಅವಳ ಮಾತು ದಾಟಿ ಬರಬೇಕು. ಎರಡನೆಯದೇ ಕಷ್ಟ.

ಹೀಗಿರುವಾಗ ಮನೆ ಕಟ್ಟಿಕೊಡುವ ಸಂಘದವರು ಬಂದರು. ನಗರಸಭೆ ಜಾಗ ಕೊಟ್ಟಿತ್ತು. ಊರಿನ ಜನ ಇಟ್ಟಿಗೆ, ಸಿಮೆಂಟು, ಕಬ್ಬಿಣ ಕೊಡುತ್ತಿದ್ದರು. ಗಾರೆ ಕೆಲಸಕ್ಕೆ ಒಬ್ಬ ಮೇಸ್ತ್ರಿ. ಉಳಿದ ಕೆಲಸಕ್ಕೆ ಸ್ವಯಂಸೇವಕರು ಮತ್ತು ಆ ಮನೆಗಳಲ್ಲಿ ವಾಸ ಮಾಡಲಿರುವವರು. ತಮ್ಮ ಮನೆಗೆ ತಾವೇ ಬೆವರು ಹಾಕಬೇಕು ಅನ್ನುವುದು ಸಂಘದ ನಿಯಮ. ಇಸ್ತ್ರಿ ಅಕ್ಕನಿಗೆ ಆ ನಿಯಮ ಕೇಳಿ ನಗು ಬಂತು. ಅವಳ ಹತ್ತಿರ ಬೇರೇನಿಲ್ಲದಿದ್ದರೂ ಬೆವರಿಗೆ ಯಾವತ್ತೂ ಬರ ಬಂದಿರಲಿಲ್ಲ.

ಜಾಗ ದೊಡ್ಡ ಬೀದಿಯ ಹಿಂಭಾಗದಲ್ಲಿತ್ತು. ಮೊದಲು ಕಸ ಸುರಿಯುತ್ತಿದ್ದ ಬಯಲು. ಅದನ್ನು ಬಳಿದವರು ಮನೆಗಳಿಗೆ ಬರಲಿರುವವರೇ. ಪಾಯ ಅಗೆದವರು ಅವರೇ. ಇಸ್ತ್ರಿ ಅಕ್ಕ ಬೆಳಗ್ಗೆ ದೊಡ್ಡ ಬೀದಿಯವರ ಬಟ್ಟೆಗೆ ಗಾಡಿಯ ಮೇಲೆ ಇಸ್ತ್ರಿ ಮುಗಿಸಿ, ಮಧ್ಯಾಹ್ನ ಬಾಂಡ್ಲಿ ಹೊತ್ತು, ಸಂಜೆ ಮತ್ತೆ ಇಸ್ತ್ರಿಗೆ ನಿಲ್ಲುತ್ತಿದ್ದಳು. ಅಂಗೈಯಲ್ಲಿ ಕೆಂಡದ ಬೊಬ್ಬೆಯ ಮೇಲೆ ಸಿಮೆಂಟಿನ ಬಿರುಕು. ತಲೆಯ ಮೇಲೆ ಸಿಂಬೆ ಇಟ್ಟು ಇಟ್ಟು ನೆತ್ತಿಯ ಕೂದಲು ಉದುರಿತು. "ಮನೆಗೆ ಸೂರು ಬರೋ ಹೊತ್ತಿಗೆ ನಿನ್ನ ತಲೆ ಸೂರು ಹೋಗುತ್ತೆ" ಅಂದ ಗಂಡ. ಕುತ್ತಿಗೆಗೆ ಅವನೇ ಎಣ್ಣೆ ತಿಕ್ಕಿದ.

ವಾರಕ್ಕೊಮ್ಮೆ ಸ್ವಯಂಸೇವಕರು ಬರುತ್ತಿದ್ದರು. ಇಸ್ತ್ರಿ ಅಕ್ಕ ಅವರಿಗೆ ಭಾನುವಾರದವರು ಎಂದು ಹೆಸರಿಟ್ಟಿದ್ದಳು. ಹೊಸ ಟೋಪಿ, ಹೊಸ ಕೈಗವಸು, ಹೊಸ ಉತ್ಸಾಹ. ಅವರಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬರಿದ್ದರು. ಎಲ್ಲರೂ ಬ್ಯಾಂಕ್ ಸಾರ್ ಎನ್ನುತ್ತಿದ್ದರು. ಇಟ್ಟಿಗೆಯನ್ನು ಎರಡು ಕೈಯಲ್ಲಿ ಎತ್ತಿ, ಎದೆಗೆ ಒತ್ತಿಕೊಂಡು, ಒಂದೊಂದೇ ಹೆಜ್ಜೆ ಇಡುತ್ತಿದ್ದರು.

"ಸಾರ್, ಅದು ಇಟ್ಟಿಗೆ. ಕೂಸಲ್ಲ. ಅಳಲ್ಲ ಅದು" ಎಂದಳು ಇಸ್ತ್ರಿ ಅಕ್ಕ.

"ಬಿದ್ದರೆ?"

"ಬಿದ್ದರೆ ಎತ್ಕೊಳ್ಳಿ. ಸಮಾಧಾನ ಮಾಡೋದು ಬೇಡ."

ಬ್ಯಾಂಕ್ ಸಾರ್ ನಕ್ಕರು. ಅವತ್ತಿನಿಂದ ಅವರ ಜೊತೆ ಸ್ನೇಹವಾಯಿತು. ಅವರು ನಗಿಸಿಕೊಳ್ಳಬಲ್ಲವರು. ಎಲ್ಲರೂ ಹಾಗಿರಲಿಲ್ಲ. ಫೋಟೋ ತೆಗೆಯಲು ಬಂದವನೊಬ್ಬ ಅವಳು ನಗುತ್ತಾ ನಿಂತದ್ದು ಕಂಡು ಕ್ಯಾಮೆರಾ ಕೆಳಗಿಳಿಸಿದ. "ಅಮ್ಮಾ, ಸ್ವಲ್ಪ ನಗು ಕಮ್ಮಿ ಮಾಡಿ. ನೋಡಿದವರಿಗೆ ಕಷ್ಟ ಗೊತ್ತಾಗಬೇಕು" ಅಂದ. ಅವಳು ಮುಖ ಗಂಟಿಕ್ಕಿದಳು. "ಇಷ್ಟು ಸಾಕಾ, ಇನ್ನೂ ಬೇಕಾ?" ಎಂದಳು. ಅವನು ಫೋಟೋ ತೆಗೆದುಕೊಂಡು ಹೋದ. ಅವತ್ತು ಅವಳು ಬಾಂಡ್ಲಿಯನ್ನು ಸ್ವಲ್ಪ ಜೋರಾಗಿಯೇ ಕೆಳಗೆ ಕುಕ್ಕಿದಳು.

ಗೋಡೆ ಸೊಂಟಮಟ್ಟಕ್ಕೆ ಬಂತು. ಸಾಲು ಮನೆಗಳು. ಎರಡು ಪಕ್ಕಕ್ಕೂ ನೆರೆಯವರ ಗೋಡೆ. ಮುಂದೆ ಬಾಗಿಲು, ಬಾಗಿಲಿಗೆ ತಾಗಿಕೊಂಡೇ ಬಚ್ಚಲು. ಗಾಳಿ ಬರಬೇಕಾದರೆ ಹಿಂದಿನಿಂದಲೇ ಬರಬೇಕು. ಮೇಸ್ತ್ರಿ ಹಿಂದಿನ ಗೋಡೆಯಲ್ಲಿ ಕಿಟಕಿಗೆ ಜಾಗ ಬಿಟ್ಟು ಮೇಲಕ್ಕೆ ಕಟ್ಟಿದ.

ಇಸ್ತ್ರಿ ಅಕ್ಕ ಆ ಸಂದಿಯಲ್ಲಿ ತಲೆ ಹಾಕಿ ನೋಡಿದಳು. ಕಿರಿದಾದ ಓಣಿ. ಓಣಿಯಾಚೆ ದೊಡ್ಡ ಬೀದಿಯ ಮನೆಗಳ ಹಿತ್ತಿಲು. ಒಂದು ಮರ. ಒಣಗಲು ಹಾಕಿದ ಬಟ್ಟೆ. ಆ ಬಟ್ಟೆಗಳೆಲ್ಲ ಅವಳಿಗೆ ಪರಿಚಯದವು. ಮಾರನೆಯ ದಿನ ಅತ್ತೆಯನ್ನು ಕೈಹಿಡಿದು ಕರೆತಂದು ಆ ಸಂದಿಯ ಮುಂದೆ ಒಂದು ಡಬ್ಬ ಕವುಚಿ ಕೂರಿಸಿದಳು. ತಾನು ಮರಳು ಜರಡಿ ಹಿಡಿಯುತ್ತಿದ್ದಳು. ತಿರುಗಿ ನೋಡಿದರೆ ಅತ್ತೆಯ ಬಾಯಿ ತೆರೆದಿತ್ತು. ಜರಡಿ ಕೈಬಿಟ್ಟಳು. ಹತ್ತಿರ ಹೋಗಿ ಕಿವಿ ಕೊಟ್ಟಳು. ಅತ್ತೆ ಗೊರಕೆ ಹೊಡೆಯುತ್ತಿದ್ದಳು. ಸೀಟಿ ಇಲ್ಲದ, ಕೆಮ್ಮು ಇಲ್ಲದ, ತುಂಬು ಗೊರಕೆ. ಅಂಥದ್ದನ್ನು ಅವಳು ಮದುವೆಯಾಗಿ ಬಂದಾಗಿನಿಂದ ಕೇಳಿರಲಿಲ್ಲ.

ಆಮೇಲಿನ ವಾರ ಒಂದು ಮಧ್ಯಾಹ್ನ ಹೋದಾಗ ಸಂದಿಯ ಕೆಳಗೆ ಇಟ್ಟಿಗೆ ರಾಶಿ ಬಿದ್ದಿತ್ತು.

"ಇದು ಯಾಕೆ ಇಲ್ಲಿ?" ಎಂದಳು.

ಮೇಸ್ತ್ರಿ ಮಾತು ಕಮ್ಮಿ ಆಡುವವನು. ಕರಣೆಯಿಂದ ಸಂದಿಯ ಕಡೆ ತೋರಿಸಿದ. "ಮುಚ್ಚಬೇಕಂತೆ."

"ಕಿಟಕಿ ಎಲ್ಲಿ ಇಡ್ತೀರಿ ಮತ್ತೆ?"

"ಇಡಲ್ಲ. ಸಾಲಿಗೆ ಸಾಲೇ ಮುಚ್ಚು ಅಂದಿದ್ದಾರೆ. ದೊಡ್ಡ ಬೀದಿಯವರಿಗೆ ಈ ಕಡೆ ಕಿಟಕಿ ಬೇಡ್ವಂತೆ. ಸಿಮೆಂಟ್ ಕೊಟ್ಟಿರೋರು ಅವರೇ ತಾನೆ."

ಇಸ್ತ್ರಿ ಅಕ್ಕ ಬಾಂಡ್ಲಿ ಕೆಳಗಿಟ್ಟು ನೇರ ಕಾರ್ಯದರ್ಶಿಯ ಹತ್ತಿರ ಹೋದಳು. ಸಂಘದ ಕಾರ್ಯದರ್ಶಿ ಕೆಟ್ಟ ಮನುಷ್ಯನಲ್ಲ. ಮಳೆಯಲ್ಲಿ ನೆನೆದು, ಬಿಸಿಲಲ್ಲಿ ಅಲೆದು, ಕಂಡಕಂಡವರ ಮುಂದೆ ಕೈಯೊಡ್ಡಿ ಈ ಮನೆಗಳನ್ನು ಎಬ್ಬಿಸುತ್ತಿದ್ದವನು. ಕೈಯೊಡ್ಡಿ ಒಡ್ಡಿ ಅವನ ಬೆನ್ನು ಸ್ವಲ್ಪ ಬಗ್ಗಿತ್ತು. ಅದು ಅವನಿಗೇ ಗೊತ್ತಿರಲಿಲ್ಲ.

"ನೋಡಮ್ಮ, ಸ್ವಲ್ಪ ಪ್ರಾಕ್ಟಿಕಲ್ ಆಗಿ ಯೋಚನೆ ಮಾಡಬೇಕು" ಎಂದ. "ಅವರ ಹಿತ್ತಿಲು, ಅವರ ಹೆಣ್ಣುಮಕ್ಕಳು ಓಡಾಡ್ತಾರೆ. ಈ ಕಡೆಯಿಂದ ಜನ ನೋಡ್ತಾ ನಿಂತ್ರೆ ಅಂತ ಅವರಿಗೆ ಮುಜುಗರ."

"ನಾವು ಮನೆ ಮಾಡ್ತಿರೋದು ನೋಡ್ತಾ ನಿಂತ್ಕೊಳ್ಳೋಕಾ ಸಾರ್? ನನಗೆ ಕೂತ್ಕೊಳ್ಳೋಕೇ ಪುರುಸೊತ್ತಿಲ್ಲ."

"ಅದು ನನಗೆ ಗೊತ್ತು."

"ಅವರಿಗೆ ಹೇಳಿ ಮತ್ತೆ. ಅವರ ಮಹಡಿ ಕಿಟಕಿ ಎಲ್ಲಾ ನಮ್ಮ ಕಡೆಗೇ ತೆರ್ಕೊಂಡಿವೆಯಲ್ಲ. ನಮಗೆ ಮುಜುಗರ ಆಗಲ್ವಾ?"

ಕಾರ್ಯದರ್ಶಿ ತಲೆ ಕೆರೆದುಕೊಂಡ. ಉತ್ತರವಿಲ್ಲದಾಗ ಒಳ್ಳೆಯವರಿಗೂ ಸಿಟ್ಟು ಬರುತ್ತದೆ. "ಇಷ್ಟ ಇಲ್ಲ ಅಂದ್ರೆ ಹೇಳಿಬಿಡಿ. ಗೋಡೆ ಹೆಂಗಿದ್ರೂ ಸರಿ, ಮನೆ ಸಿಕ್ಕರೆ ಸಾಕು ಅಂತ ಎಷ್ಟೋ ಜನ ಕಾಯ್ತಿದ್ದಾರೆ" ಎಂದ.

ಅವಳು ವಾಪಸು ಹೋಗಿ ಬಾಂಡ್ಲಿ ಎತ್ತಿಕೊಂಡಳು. ಪಾಯ ಅಗೆದದ್ದು, ಕಸ ಬಳಿದದ್ದು, ನೆತ್ತಿ ಬೋಳಾದದ್ದು, ಯಾವುದೂ ಆ ಮನೆಯನ್ನು ಅವಳದಾಗಿ ಮಾಡಿರಲಿಲ್ಲ. ಇನ್ನೂ ಕೊಡುವವರ ಕೈಯಲ್ಲೇ ಇತ್ತು.

ಮನೆಗೆ ಬಂದು ಹೇಳಿದಾಗ ಗಂಡ ನಗಲಿಲ್ಲ. "ಬಾಯಿ ಮುಚ್ಕೊಂಡಿರು ಮಾರಾಯ್ತಿ. ಮನೆ ಬರಲಿ ಮೊದಲು. ಕಿಟಕಿ ಇಲ್ದೆ ಇಷ್ಟು ವರ್ಷ ಬದುಕಿಲ್ವಾ?"

"ನೀನು ಬದುಕಿದ್ದೀಯ. ಹೊರಗಡೆ ಗೋದಾಮಲ್ಲಿ. ನಿಮ್ಮಮ್ಮನ್ನ ಕೇಳು."

ಹೊಸ್ತಿಲಲ್ಲಿ ಅತ್ತೆ ಕೆಮ್ಮುತ್ತಿದ್ದಳು. ಕೆಮ್ಮಿನ ನಡುವೆ, "ನನ್ನ ಹೆಸರು ಮಧ್ಯದಲ್ಲಿ ತರಬೇಡಿ. ನಾನು ಇವತ್ತೋ ನಾಳೆಯೋ" ಎಂದಳು.

"ಈ ಮಾತು ನನ್ನ ಮದುವೆ ದಿನದಿಂದ ಹೇಳ್ತಿದ್ದೀರ ಅತ್ತೆ" ಎಂದಳು ಸೊಸೆ.

ಮಾರನೆಯ ದಿನ ಇಸ್ತ್ರಿ ಮಾಡಿದ ಬಟ್ಟೆ ಗಂಟು ಹೊತ್ತು ಮಹಡಿಮನೆಗೆ ಹೋದಳು. ದೊಡ್ಡ ಬೀದಿಯಲ್ಲಿ ಆ ಮನೆಯ ಮಾತಿಗೆ ತೂಕವಿತ್ತು. ಹೊಸ ಮನೆಗಳ ಕಿಟಕಿಗೆ ನೇರ ಎದುರಾಗುವುದೂ ಆ ಮನೆಯ ಹಿತ್ತಿಲೇ. ಮಹಡಿಮನೆ ಅಮ್ಮ ಮೃದು ಮಾತಿನವರು. ಒಂದು ಭಾನುವಾರ ತಾವೇ ಬಂದು ಕೈಗವಸು ಹಾಕಿಕೊಂಡು ಎರಡು ಇಟ್ಟಿಗೆ ಎತ್ತಿಕೊಟ್ಟಿದ್ದರು. ಅದರ ಫೋಟೋ ಅವರ ಹಜಾರದಲ್ಲಿತ್ತು. ಇಸ್ತ್ರಿ ಅಕ್ಕ ಅದನ್ನು ಬಾಗಿಲಾಚೆಯಿಂದ ನೋಡಿದ್ದಳು. ಬಟ್ಟೆ ಒಳಗೆ ಹೋಗುತ್ತಿತ್ತು. ಬಟ್ಟೆ ತಂದವಳು ಹಿತ್ತಿಲ ಮೆಟ್ಟಿಲವರೆಗೆ ಮಾತ್ರ.

"ಅಮ್ಮಾ, ಕಿಟಕಿ ಬೇಡ ಅಂದ್ರಂತೆ."

ಮಹಡಿಮನೆ ಅಮ್ಮ ಬಟ್ಟೆ ನೋಡುತ್ತಾ ಇದ್ದರು. "ಅಯ್ಯೋ, ನಿನ್ನ ವಿಷಯ ಅಲ್ಲಮ್ಮ ಅದು. ನಿನ್ನನ್ನ ಎಷ್ಟು ವರ್ಷದಿಂದ ನೋಡ್ತಿದ್ದೀನಿ. ಉಳಿದವರು ಹೇಗೋ ಏನೋ. ನಮ್ಮ ಮನೆ ಒಳಗೆ ಕಾಣಿಸಬಾರದಲ್ವಾ, ಅಷ್ಟೇ."

"ಏನು ಕಾಣಿಸಬಾರದು ಅಮ್ಮಾ?"

"ಏನು ಅಂದ್ರೆ, ಮನೆ ಅಂದ ಮೇಲೆ ಇರುತ್ತಲ್ಲ."

ಇಸ್ತ್ರಿ ಅಕ್ಕ ಗಂಟಿನ ಮೇಲಿದ್ದ ಷರಟನ್ನು ಮೆಲ್ಲಗೆ ಸವರಿದಳು. "ಅಮ್ಮಾ, ಸಾಹೇಬರ ಬನಿಯನ್ ಎಲ್ಲಿ ತೂತಾಗಿದೆ ಅಂತ ನನಗೆ ಗೊತ್ತು. ಯಾವ ದಿಂಬಿನ ಕವರಲ್ಲಿ ಕಣ್ಣೀರಿನ ಕಲೆ ಇರುತ್ತೆ ಅಂತಾನೂ ಗೊತ್ತು. ನಾನು ಯಾರಿಗಾದ್ರೂ ಹೇಳಿದ್ದೀನಾ? ಕಲೆ ಹೋಗಲಿ ಅಂತ ಎರಡು ಸಲ ನೀರು ಚಿಮುಕಿಸಿ ಉಜ್ಜಿದ್ದೀನಿ. ಇಷ್ಟೆಲ್ಲಾ ನೋಡಿದವಳು ಇನ್ನು ಕಿಟಕಿಯಿಂದ ಹೊಸದಾಗಿ ಏನು ನೋಡಲಿ?"

ಮಹಡಿಮನೆ ಅಮ್ಮನ ಮುಖ ಬಿಳಿಚಿತು. ಅವರು ದಿಂಬಿನ ಕವರುಗಳನ್ನು ಎತ್ತಿಕೊಂಡು ಎದೆಗೆ ಒತ್ತಿಕೊಂಡರು. "ನಾಳೆಯಿಂದ ಬಟ್ಟೆಗೆ ಬರೋದು ಬೇಡ" ಎಂದರು. ಧ್ವನಿ ಏರಲಿಲ್ಲ. ಬಾಗಿಲು ಕೂಡ ಮೆಲ್ಲಗೆ ಮುಚ್ಚಿತು.

ಇಸ್ತ್ರಿ ಅಕ್ಕ ಮೆಟ್ಟಿಲಿಳಿದಳು. ಆ ದಿಂಬಿನ ಮಾತು ಹೇಳಬಾರದಿತ್ತು ಅನ್ನಿಸಿತು. ಆಮೇಲೆ ಅತ್ತೆಯ ಗೊರಕೆ ನೆನಪಾಯಿತು. ಹೇಳಿದ್ದು ಸರಿ ಅನ್ನಿಸಿತು. ಎರಡೂ ಒಟ್ಟಿಗೇ ಅನ್ನಿಸುತ್ತಾ ಇದ್ದವು.

ಭಾನುವಾರ ಬಂತು. ಮೇಸ್ತ್ರಿ ಗಾರೆ ಕಲಸಿದ. ಭಾನುವಾರದವರು ಸಾಲಾಗಿ ನಿಂತು ಇಟ್ಟಿಗೆ ಸಾಗಿಸಲು ಸಿದ್ಧರಾದರು. ಅವರಿಗೆ ಕಿಟಕಿಯ ವಿಷಯ ಯಾರೂ ಹೇಳಿರಲಿಲ್ಲ. ಗೋಡೆ ಅಂದರೆ ಗೋಡೆ, ಅಷ್ಟೇ. ಮೇಸ್ತ್ರಿ ಕರಣೆ ತುಂಬ ಗಾರೆ ಎತ್ತಿಕೊಂಡು ಸಂದಿಯ ಕಡೆ ತಿರುಗಿದ.

ಸಂದಿಯಲ್ಲಿ ಇಸ್ತ್ರಿ ಅಕ್ಕ ಕೂತಿದ್ದಳು.

ಕಾಲು ಓಣಿಯ ಕಡೆ, ಬೆನ್ನು ಒಳಗೆ. ಮಡಿಲಲ್ಲಿ ಒಂದು ಮೊರ ಅವರೆಕಾಯಿ. ಮನೆಯ ಕೆಲಸ ಬಿಟ್ಟು ಬಂದಿರಲಿಲ್ಲ ಅವಳು. ಒಂದೊಂದೇ ಕಾಯಿ ಸುಲಿದು ಸಿಪ್ಪೆಯನ್ನು ಪಕ್ಕಕ್ಕೆ ಹಾಕುತ್ತಿದ್ದಳು.

"ಇಳಿಯಮ್ಮ" ಎಂದ ಮೇಸ್ತ್ರಿ.

"ಇಳಿಯಲ್ಲ."

"ಗೋಡೆ ಕಟ್ಟಬೇಕು."

"ಕಟ್ಟಿ. ನಾನು ಬೇಡ ಅಂದ್ನಾ? ನನ್ನ ಸೇರಿಸಿ ಕಟ್ಟಿ. ನನ್ನ ಸೊಂಟ ದಪ್ಪ ಇದೆ, ಇಟ್ಟಿಗೆ ಉಳಿಯುತ್ತೆ."

ಮೇಸ್ತ್ರಿ ಕರಣೆಯ ಗಾರೆಯನ್ನು ನೋಡಿದ, ಅವಳನ್ನು ನೋಡಿದ. ಗಾರೆಯನ್ನು ಬಾಂಡ್ಲಿಗೆ ಹಾಕಿದ. "ಟೀ ಬಂತಾ?" ಎಂದು ಯಾರನ್ನೆಂದಿಲ್ಲದೆ ಕೇಳಿದ.

ಕಾರ್ಯದರ್ಶಿ ಓಡಿ ಬಂದ. ಮೊದಲು ಸಮಾಧಾನವಾಗಿ ಹೇಳಿದ. ಆಮೇಲೆ ಗದರಿದ. ಆಮೇಲೆ ಬೇಡಿಕೊಂಡ. ಇಸ್ತ್ರಿ ಅಕ್ಕ ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಮನೆ ಕಳ್ಕೋತೀಯ ಕಣಮ್ಮ."

"ಕಿಟಕಿ ಇಲ್ಲದ ಮನೆ ನನಗಾಗಲೇ ಒಂದಿದೆ ಸಾರ್. ಅಂಥದ್ದೇ ಇನ್ನೊಂದು ಇಟ್ಕೊಂಡು ಏನು ಮಾಡಲಿ?"

"ಕೊಡೋರಿಗೂ ಒಂದು ಮಾತಿರುತ್ತೆ."

ಅವಳು ಕೈ ನಿಲ್ಲಿಸಿದಳು. ಅಲ್ಲಿಯವರೆಗೆ ಮುಖದಲ್ಲಿದ್ದ ಕೊಂಕು ಹೋಯಿತು. "ಕೊಡೋರು ಸಿಮೆಂಟ್ ಕೊಟ್ರು. ನಾನು ಬೆನ್ನು ಕೊಟ್ಟೆ. ಅವರ ಸಿಮೆಂಟಿಗೆ ಮಾತಿದೆ, ನನ್ನ ಬೆನ್ನಿಗೆ ಇಲ್ವಾ? ಅವರ ಬಟ್ಟೆ ಗಂಟು ಹೊರೋಕೆ ನನ್ನ ತಲೆ ಬೇಕು. ಅದೇ ತಲೆ ಕಿಟಕಿಯಲ್ಲಿ ಕಂಡ್ರೆ ಮುಜುಗರ. ನಮ್ಮತ್ತೆ ಉಸಿರಾಡಬೇಕು ಸಾರ್. ಅದಕ್ಕೂ ಅವರನ್ನ ಕೇಳ್ಬೇಕಾ?"

ಕಾರ್ಯದರ್ಶಿ ಭಾನುವಾರದವರ ಕಡೆ ತಿರುಗಿದ. "ಪಕ್ಕದ ಮನೆಯಿಂದ ಶುರು ಮಾಡೋಣ. ಇಟ್ಟಿಗೆ ತನ್ನಿ" ಎಂದ.

ಸಾಲಿನ ಮೊದಲಲ್ಲಿ ಬ್ಯಾಂಕ್ ಸಾರ್ ಇದ್ದರು. ಎದೆಗೊಂದು ಇಟ್ಟಿಗೆ. ಅವರು ಇಸ್ತ್ರಿ ಅಕ್ಕನನ್ನು ನೋಡಿದರು, ದೊಡ್ಡ ಬೀದಿಯ ಮಹಡಿಗಳನ್ನು ನೋಡಿದರು. ಅವರದೂ ಅಂಥದ್ದೇ ಒಂದು ಬೀದಿ, ಅಂಥದ್ದೇ ಒಂದು ಮಹಡಿ. ಇಟ್ಟಿಗೆಯನ್ನು ಮೆಲ್ಲಗೆ ನೆಲಕ್ಕಿಟ್ಟು ಅದರ ಮೇಲೆ ಕೂತುಬಿಟ್ಟರು.

"ಏನಾಯ್ತು ಸಾರ್?" ಎಂದ ಕಾರ್ಯದರ್ಶಿ.

"ಸೊಂಟ ನೋವು" ಎಂದರು ಬ್ಯಾಂಕ್ ಸಾರ್.

ಅವರ ಹಿಂದಿದ್ದವರಿಗೂ ಒಬ್ಬೊಬ್ಬರಾಗಿ ಸೊಂಟ ನೋವು ಬಂತು. ಇಬ್ಬರು ಮಾತ್ರ ಗೊಣಗುತ್ತಾ ಟೋಪಿ ತೆಗೆದು ಮನೆಗೆ ಹೋದರು. ಅಷ್ಟರಲ್ಲಿ ಪಕ್ಕದ ಮನೆಯ ಸಂದಿಯಲ್ಲಿ ಸದ್ದಾಯಿತು. ಆಸ್ಪತ್ರೆಯಲ್ಲಿ ನೆಲ ಒರೆಸುವ ಹೆಂಗಸು, ಆ ಮನೆಗೆ ಬರಬೇಕಾದವಳು, ಡಬ್ಬದ ಮೇಲೆ ಕಾಲಿಟ್ಟು ಹತ್ತುತ್ತಿದ್ದಳು. ಕೂತು ಉಸಿರು ಬಿಟ್ಟು, "ಅಕ್ಕಾ, ಆ ಕಾಯಿ ಸ್ವಲ್ಪ ಈ ಕಡೆ ಕೊಡು. ಸುಮ್ನೆ ಕೂತ್ರೆ ನನಗೆ ನಿದ್ದೆ ಬರುತ್ತೆ" ಎಂದಳು. ಅದರಾಚೆಯ ಸಂದಿಯಲ್ಲಿ ಮತ್ತೊಬ್ಬಳು. ಒಂದು ಸಂದಿಯಲ್ಲಿ ಮಾತ್ರ ಯಾರೂ ಕೂರಲಿಲ್ಲ. ಆ ಮನೆಯವರು ಹೆದರಿದ್ದರು. ಅವರನ್ನು ಯಾರೂ ಏನೂ ಅನ್ನಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ದೊಡ್ಡ ಬೀದಿಯ ಮಹಡಿಗಳ ಮೇಲೆ ಜನ ತುಂಬಿದರು. ಯಾರನ್ನು ನೋಡುವುದು ಬೇಡ ಎಂದಿದ್ದರೋ ಅವರನ್ನು ನೋಡಲು ಕೈ ಅಡ್ಡ ಹಿಡಿದು ನಿಂತರು. ಮಹಡಿಮನೆ ಅಮ್ಮನೂ ಬಂದು ನಿಂತು ಒಳಗೆ ಹೋದರು. ಇಸ್ತ್ರಿ ಅಕ್ಕ ಕೈ ಬೀಸಲಿಲ್ಲ, ತಲೆಯನ್ನೂ ತಗ್ಗಿಸಲಿಲ್ಲ.

ಆಗ ಗಂಡ ಬಂದ. ಯಾರೋ ಗೋದಾಮಿಗೆ ಸುದ್ದಿ ಮುಟ್ಟಿಸಿದ್ದರು. ಕಾರ್ಯದರ್ಶಿಗೆ ಜೀವ ಬಂದಂತಾಯಿತು. "ಬಾಪ್ಪಾ, ನೀನಾದ್ರೂ ಹೇಳು ನಿನ್ನ ಹೆಂಡತಿಗೆ" ಎಂದ. ಗಂಡ ಬೆವರೊರೆಸಿಕೊಂಡು ಸಂದಿಯ ಕೆಳಗೆ ಬಂದು ನಿಂತ. ಎಲ್ಲರೂ ಅವನ ಬಾಯಿ ನೋಡುತ್ತಿದ್ದರು.

"ಏಳು" ಎಂದ.

"ಏಳಲ್ಲ."

"ಒಂಚೂರು ಏಳು ಮಾರಾಯ್ತಿ." ಹೆಗಲ ಮೇಲಿದ್ದ, ಮೂಟೆ ಹೊರುವಾಗ ಹಾಕಿಕೊಳ್ಳುವ ಗೋಣಿಯನ್ನು ನಾಲ್ಕು ಮಡಿಕೆ ಮಾಡಿದ. "ಇಟ್ಟಿಗೆ ಚುಚ್ಚುತ್ತೆ. ಇದನ್ನ ಕೆಳಗೆ ಹಾಕ್ಕೋ. ರಾತ್ರಿ ನೋವು ನೋವು ಅಂದ್ರೆ ಎಣ್ಣೆ ತಿಕ್ಕೋನು ನಾನೇ ತಾನೆ."

ಎಲ್ಲರೂ ನಕ್ಕರು. ಕಾರ್ಯದರ್ಶಿಗೂ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಅವನಿಗೆ ಮತ್ತೆ ಗದರುವುದು ಸಾಧ್ಯವಾಗಲಿಲ್ಲ. ಬ್ಯಾಂಕ್ ಸಾರ್ ಪಕ್ಕದಲ್ಲಿ ತಾನೂ ಒಂದು ಇಟ್ಟಿಗೆ ಹಾಕಿಕೊಂಡು ಕೂತ. ಆಮೇಲೆ ಫೋನು ತೆಗೆದು ದೊಡ್ಡ ಬೀದಿಯವರ ಜೊತೆ ಮಾತಾಡಿದ. ಮೊದಮೊದಲು "ಹೌದು ಸಾರ್, ಹೌದು ಸಾರ್" ಎನ್ನುತ್ತಿದ್ದ. ಬರಬರುತ್ತಾ ಅದು "ಇಲ್ಲ ಸಾರ್" ಆಯಿತು. ಕೊನೆಗೆ "ಸರಿ, ನಿಮ್ಮಿಷ್ಟ" ಎಂದು ಫೋನು ಜೇಬಿಗೆ ಹಾಕಿದ. ಎದ್ದು ನಿಂತಾಗ ಅವನ ಬೆನ್ನು ಸ್ವಲ್ಪ ನೆಟ್ಟಗಿತ್ತು.

"ಇನ್ನು ಅವರು ಸಿಮೆಂಟ್ ಕೊಡಲ್ವಂತೆ" ಎಂದ. "ಮೇಸ್ತ್ರಿ, ಕಿಟಕಿ ಬಿಟ್ಟು ಮೇಲಕ್ಕೆ ಕಟ್ಟಿ."

ಗೆದ್ದರು ಎಂದು ಹೇಳಿಬಿಡುವುದು ಸುಲಭ. ದೊಡ್ಡ ಬೀದಿಯವರು ಸಿಮೆಂಟಿನ ಜೊತೆಗೆ ಬಟ್ಟೆಯನ್ನೂ ನಿಲ್ಲಿಸಿದರು. ಇಸ್ತ್ರಿ ಅಕ್ಕ ಗಾಡಿಯನ್ನು ಬಹಳ ದೂರದ ಬೀದಿಗೆ ತಳ್ಳಿಕೊಂಡು ಹೋಗಬೇಕಾಯಿತು. ಅಲ್ಲಿ ಯಾರಿಗೂ ಅವಳ ಗುರುತಿಲ್ಲ. ಮೊದಮೊದಲು ಪೆಟ್ಟಿಗೆಯ ಕೆಂಡ ಬಟ್ಟೆ ಕಾಣದೆ ಬೂದಿಯಾಗುತ್ತಿತ್ತು. ಸಾಲು ಮನೆಗಳ ಹಿಂದಿನ ಗೋಡೆಗೆ ಪ್ಲಾಸ್ಟರಿಂಗ್ ಆಗಲಿಲ್ಲ. ಇಟ್ಟಿಗೆ ಹಾಗೆಯೇ ಕಾಣುತ್ತಿತ್ತು. ಭಾನುವಾರದವರಲ್ಲಿ ಕೆಲವರು ಬರುವುದು ಬಿಟ್ಟರು. ಬಿಡದವರು ಇಟ್ಟಿಗೆಯನ್ನು ಒಂದೇ ಕೈಯಲ್ಲಿ ಎತ್ತಲು ಕಲಿತರು. ಹೆದರಿದ್ದ ಆ ಮನೆಗೂ ಮೇಸ್ತ್ರಿ ಯಾರನ್ನೂ ಕೇಳದೆ ಕಿಟಕಿ ಇಟ್ಟ.

ಹೊಸ ಮನೆಗೆ ಬಂದ ಮೊದಲ ಬೆಳಗ್ಗೆ ಇಸ್ತ್ರಿ ಅಕ್ಕ ಎಲ್ಲರಿಗಿಂತ ಮುಂಚೆ ಎದ್ದಳು. ಕಿಟಕಿಯ ಚಿಲಕ ತೆಗೆದು ಅದರ ಎರಡೂ ಬಾಗಿಲನ್ನು ಗೋಡೆಗೆ ಬಡಿಯುವಂತೆ ತೆರೆದಳು. ಅದೇ ಹೊತ್ತಿಗೆ ಎದುರಿನ ಹಿತ್ತಿಲಲ್ಲಿ ಮಹಡಿಮನೆ ಅಮ್ಮನೂ ತಮ್ಮ ಅಡುಗೆಮನೆಯ ಕಿಟಕಿ ತೆರೆದರು. ಓಣಿಯ ಆಚೆ ಅವರು, ಈಚೆ ಇವಳು. ಅಮ್ಮನ ಕಣ್ಣ ಕೆಳಗೆ ಕಪ್ಪಾಗಿತ್ತು. ದಿಂಬಿನ ಕವರುಗಳನ್ನು ಈಗ ಯಾರು ಉಜ್ಜುತ್ತಾರೋ ಎಂದುಕೊಂಡಳು ಇಸ್ತ್ರಿ ಅಕ್ಕ. ಏನಾದರೂ ಹೇಳಬೇಕು ಎಂದು ಬಾಯಿ ತೆರೆಯುವಷ್ಟರಲ್ಲಿ ಎದುರಿನ ಕಿಟಕಿ ಮುಚ್ಚಿತು.

ನೋಡುವುದು ಬೇಡವಾದವರಿಗೆ ಅಷ್ಟು ಸಾಕಿತ್ತು. ಮೊದಲ ದಿನವೇ ಹಾಗೆ ಮಾಡಿದ್ದರೆ ಒಬ್ಬರ ಸೊಂಟವೂ ನೋಯುತ್ತಿರಲಿಲ್ಲ.

ಗಾಳಿ ಒಳಗೆ ನುಗ್ಗಿತು. ಮೂಲೆಯಲ್ಲಿ ಅಡ್ಡಡ್ಡ ಮಲಗಿದ್ದ ಅತ್ತೆ ಮುದುಡಿಕೊಂಡಳು. ಮುಸುಕು ಸರಿಸಿ ಒಂದು ಕಣ್ಣು ತೆರೆದಳು.

"ಚಳಿ ಕಣೇ. ಆ ಕಿಟಕಿ ಮುಚ್ಚು."

ಗಂಡ ಹಾಸಿಗೆಯಲ್ಲೇ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಇಸ್ತ್ರಿ ಅಕ್ಕ ತನ್ನ ಹೊದಿಕೆಯನ್ನೂ ತಂದು ಅತ್ತೆಯ ಮೇಲೆ ಹೊದಿಸಿ, ಕಾಲಿನ ಕೆಳಗೆ ಬಿಗಿಯಾಗಿ ಸಿಕ್ಕಿಸಿದಳು.

"ಹೊದ್ಕೊಂಡು ಮಲ್ಕೊಳ್ಳಿ ಅತ್ತೆ" ಎಂದಳು. "ಅದನ್ನ ಇವತ್ತು ಮುಚ್ಚಲ್ಲ."